ನಾಳೆಗೆ ಎತ್ತಿಡದೆ ದಾಸೋಹ ನಡೆಸಿದ ನನ್ನ ಅನುಭವ

ದಾಸೋಹ ನಡೆಸೋರಿಗೆ ಕೊಪ್ಪರಿಗೆ, ಮುದ್ದೆ ತಿರುವೋ ಕವೆಗೋಲಿನ ಪಾಠ ಬೇಕಿಲ್ಲ. ನಾನು ಬರೆಯೋದು ಇಷ್ಟೇ: ಉಗ್ರಾಣದಲ್ಲಿ ನಾಳೆಗೆ ಒಂದು ಸೇರೂ ಇಲ್ಲದೆ, ಎಲ್ಲೂ ಸಾಲ ಬರೆಸದೆ, ಅವತ್ತಿಂದನ್ನ ಅವತ್ತು ಮಾದಪ್ಪನೇ, ಅಂದ್ರೆ ಮಲೆ ಮಹದೇಶ್ವರನೇ ಕೊಡ್ತಾನೆ ಅಂತ ನಂಬಿ ಮಳವಳ್ಳಿ ಕಡೆಯ ನಮ್ಮ ಪುಟ್ಟ ಗುಡಿಯಲ್ಲಿ ದಿನಾ ಮಧ್ಯಾಹ್ನ ಊಟ ಹಾಕಿದ್ದು. "ಮಾದಪ್ಪ ಬಂದು ಒಲೆ ಹಚ್ತಾನೇನ್ಲಾ?" ಅಂದಿದ್ದ ನಮ್ಮ ದೊಡ್ಡಪ್ಪನೇ ಈಗ ಮೊದಲ ಪಂಕ್ತಿಗೆ ಬಂದು ಕೂರ್ತಾರೆ.

ಮೊದಲು ರಸೀದಿ ಪುಸ್ತಕ ಹೊಡೆಸಿದ್ವಿ. ಒಂದು ಶಿವರಾತ್ರಿಗೆ 40 ಸಾವಿರದ ಹತ್ರ ಎದ್ದಿತ್ತು. ಏಳೆಂಟು ಕ್ವಿಂಟಾಲ್ ಅಕ್ಕಿ ತಂದು ಪೇರಿಸಿದ್ವಿ. ಮಳೆಗಾಲದ ಹೊತ್ತಿಗೆ ಮೂಟೆ ತುಂಬ ಹುಳ, ಊರ ತುಂಬ ಲೆಕ್ಕದ ಜಗಳ. ಹುಳವನ್ನಾದರೂ ಬಿಸಿಲಿಗೆ ಹಾಕಿ ಓಡಿಸಬಹುದು. ಆಮೇಲೆ 'ದಿನಕ್ಕೊಬ್ಬ ದಾನಿ' ಅಂತ ಬೋರ್ಡ್ ಬರೆಸಿದ್ವಿ, ಬೋರ್ಡಿಗೇ ಎರಡೂವರೆ ಸಾವಿರ. ಯಾರ ಹೆಸರು ಮೇಲೆ, ಯಾರದು ಕೆಳಗೆ ಅಂತ ಎರಡು ಮನೆಯೋರು ಮಾತು ಬಿಟ್ರು. ಕೊನೆಗೆ ಅಂಗಡೀಲಿ ಬರೆಸಿ ತಂದು ನಡೆಸಿದ್ದಾಯ್ತು. 18 ಸಾವಿರ ಬಾಕಿ ನಿಂತಾಗ ನನ್ನ ಹೆಂಡತಿಯ ಓಲೆ ಅಡವು ಸೇರಿತು.

ಅಷ್ಟರಲ್ಲಿ 2023 ಬಂತು. ಕನ್ನಂಬಾಡಿ ಕಟ್ಟೆ (ಕೆಆರ್‌ಎಸ್) ತುಂಬೋ ಮಟ್ಟ 124.80 ಅಡಿ ಮುಟ್ಟಲೇ ಇಲ್ಲ. ಕಾವೇರಿ ನೀರಿಗಾಗಿ ಮಂಡ್ಯ ಬಂದ್ ಆದ ಸೆಪ್ಟೆಂಬರ್‌ನಲ್ಲಿ ನಾಲೆ ಕೊನೆಯ ನಮ್ಮ ಗದ್ದೆಗಳು ನಾಟಿ ಇಲ್ಲದೆ ಬಿದ್ದಿದ್ವು. ಇನ್ನೊಂದು ಪೆಟ್ಟನ್ನ ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ಆ ಜುಲೈನಿಂದ ಅನ್ನಭಾಗ್ಯದ ಹೆಚ್ಚುವರಿ 5 ಕೆಜಿ ಅಕ್ಕಿ ಬದಲು ಕೆಜಿಗೆ 34ರಂತೆ ತಲೆಗೆ 170 ರೂಪಾಯಿ ಖಾತೆಗೆ ಬೀಳೋಕೆ ಶುರುವಾಯ್ತು. ಅಕ್ಕಿ ಮನೆಗೆ ಬಂದಾಗ ಹೆಂಗಸರು ದೇವರಿಗೆ ಅಂತ ಒಂದು ಹಿಡಿ ಮಡಕೆಗೆ ಹಾಕೋರು. ಖಾತೆಗೆ ಬಿದ್ದ ದುಡ್ಡಲ್ಲಿ ಯಾರು ಹಿಡಿ ಎತ್ತಿಡ್ತಾರೆ?

ಆಗಲೇ ಹುಂಡಿ, ರಸೀದಿ, ಬೋರ್ಡು ಎಲ್ಲ ತೆಗೆಸಿದೆ. ಬೆಳಿಗ್ಗೆ ಕೈಮುಗಿದು ಜಗಲಿ ಮೇಲೆ ಖಾಲಿ ಮೊರ ಇಡೋದು. ಹತ್ತೂವರೆಗೆ ಮೊರದಲ್ಲಿ ಏನಿದೆಯೋ ಅದೇ ಅಡುಗೆ. ಉಳಿದಿದ್ದು ಸಂಜೆಯೊಳಗೆ ಇಲ್ಲದೋರ ಮನೆಗೆ. ಕೇಳಂಗಿಲ್ಲ, ಫೋನ್ ಮಾಡಂಗಿಲ್ಲ. "ದೇವರಗುಡ್ಡರಾದ್ರೂ ಜೋಳಿಗೆ ಹಿಡಿದು ಬಾಗಿಲಿಗೆ ಹೋಗ್ತಾರೆ, ನೀನು ಅದನ್ನೂ ಮಾಡಲ್ವ?" ಅಂತ ಊರೋರು ನಕ್ಕರು. ದೇವರಗುಡ್ಡರು ಅಂದ್ರೆ ಮಾದಪ್ಪನ ಹಾಡು ಹೇಳ್ಕೊಂಡು ಭಿಕ್ಷೆ ಎತ್ತೋರು.

ಒಂದೊಂದು ದಿನ ಮೊರದಲ್ಲಿ ಎರಡು ಕೆಜಿ ರಾಗಿ ಹಿಟ್ಟು, ಒಂದು ಕಟ್ಟು ಕೀರೆ ಸೊಪ್ಪು, ಬೊಗಸೆ ಹುರುಳಿ. ಹೊರಗೆ ನಲವತ್ತು ಜನ. ಕೆಜಿಗೆ ಏಳೆಂಟು ಮುದ್ದೆ ಅನ್ನೋ ಲೆಕ್ಕ ಅವತ್ತು ನಡೆಯಲ್ಲ, ಮುದ್ದೆ ಸಣ್ಣದಾಗುತ್ತೆ, ಇಲ್ಲ ಅಂಬಲಿ ಆಗುತ್ತೆ. ಹುರುಳಿ ಬೇಯಿಸಿ ಕಟ್ಟು, ಅಂದ್ರೆ ಬೆಂದ ನೀರು, ಬಸಿದು ಉಪ್ಸಾರು, ಖಾರಕ್ಕೆ ಬೆಳ್ಳುಳ್ಳಿ ಜಾಸ್ತಿ, ಹುಣಸೆ ಕಮ್ಮಿ. ಕಟ್ಟು ಎಷ್ಟು ಹೆಚ್ಚಿಸಿದರೂ ನಾಲಿಗೆಗೆ ನೀರು ಅನ್ನಿಸದ ಹಾಗೆ ಮಾಡೋ ಉಪಾಯ ಒಂದಿದೆ. ಇಲ್ಲಿ ಬರೆಯಲ್ಲ, ಗುಡಿಗೆ ಬಂದು ಪಾತ್ರೆ ತೊಳೆದೋರಿಗೆ ಹೇಳ್ತೀನಿ.

ಮೊರ ಪೂರ್ತಿ ಖಾಲಿ ಇದ್ದದ್ದೂ ಉಂಟು. ಒಂದ್ಸಲ ಹನ್ನೊಂದು ಗಂಟೆ ಮೇಲೆ ಆಲೆಮನೆಯಿಂದ ಬೆಲ್ಲ ಬಂತು, ಹಿಂದೆಯೇ ಯಾರೋ ಅವಲಕ್ಕಿ ತಂದ್ರು. ಇನ್ನೊಂದ್ಸಲ ಏನೂ ಬರಲಿಲ್ಲ. ಬಂದೋರಿಗೆ ನೀರು ಕೊಟ್ಟು "ಇವತ್ತು ಮಾದಪ್ಪನಿಗೂ ಉಪವಾಸ" ಅಂದೆ. ಆ ವಾರ ಮೊರ ಸಾಲದೆ ಚಾಪೆ ಹಾಸಿದ್ವಿ. ಮೂಟೆ ಇದ್ದಾಗ "ಅಲ್ಲಿ ಇರುತ್ತೆ ಬಿಡು" ಅನ್ನುತ್ತಿದ್ದ ಜನ ಖಾಲಿ ಮೊರ ದಾಟಿ ಸುಮ್ಮನೆ ಹೋಗೋಕಾಗಲ್ಲ. ಜನರ ಕೆಲಸ ಅನ್ನಿ, ಅವನ ಕೆಲಸ ಅನ್ನಿ, ನನಗೆ ಎರಡೂ ಒಂದೇ.

ನಡುವೆ ಯಾರೋ ಕೊಟ್ಟ ನವಣೆ ಬೇಯಿಸಿ ನೋಡಿದೆ, "ಗಂಟಲಲ್ಲಿ ಇಳಿಯಲ್ಲ ಕಣಪ್ಪಾ" ಅಂತ ಮುದುಕರು ಎದ್ದೇಬಿಟ್ರು. ಹಲಸಿನ ಬೀಜದ ಉಪ್ಸಾರು ಮಾತ್ರ ಗೆದ್ದಿತು.

ಹಳೇ ಬಾಕಿ ನನ್ನ ಕೂಲಿ ದುಡ್ಡಲ್ಲೇ ತೀರಿಸಿದ್ದು. ಓಲೆ ಬಿಡಿಸೋಕೆ ವರ್ಷದ ಮೇಲಾಯ್ತು. 2024ರ ಜುಲೈನಲ್ಲಿ ಕಟ್ಟೆ ತುಂಬಿದ ಮೇಲೆ ಅಕ್ಕಿ ಚೆನ್ನಾಗೇ ಬೀಳ್ತಿದೆ, ಶಿವರಾತ್ರಿಗೆ ಮಾದಪ್ಪನ ಬೆಟ್ಟಕ್ಕೆ ನಡೆದು ಹೋಗೋರು ಬಂದ್ರೆ ಇನ್ನೂರು ಎಲೆ ದಾಟುತ್ತೆ. ಆದರೂ ರಾತ್ರಿ ಉಗ್ರಾಣ ಖಾಲಿಯೇ.

ಸೌದೆ ಒಂದು ಮಾತ್ರ ಈ ನೇಮಕ್ಕೆ ಒಗ್ಗಲಿಲ್ಲ. ಅವತ್ತೇ ತಂದ ಹಸಿ ಸೌದೆ ಹೊಗೆ ಬಿಟ್ಟು ಇನ್ನೇನೂ ಕೊಡಲ್ಲ. ಹಾಗಾಗಿ ಗುಡಿ ಹಿಂದೆ ಎರಡು ತಿಂಗಳಿಗಾಗುವಷ್ಟು ಒಟ್ಟಿದ್ದೀನಿ. ಮಾದಪ್ಪ ಇದುವರೆಗೆ ತಕರಾರು ತೆಗೆದಿಲ್ಲ.