ಬೆಳಿಗ್ಗೆ ಚಾಮುಂಡಿ ಬೆಟ್ಟ, ಸಂಜೆ ಸೂಪರ್‌ಹೀರೋ ಸಿನಿಮಾ

ವರ್ಷಕ್ಕೆ ಮೂರ್ನಾಲ್ಕು ಭಾನುವಾರ ಅಕ್ಕನ ಮಕ್ಕಳಿಬ್ಬರು ನನ್ನ ಪಾಲಿಗೆ ಬರುತ್ತಾರೆ. ಬೆಳಿಗ್ಗೆ ಮೆಟ್ಟಿಲು ಹತ್ತಿ ಚಾಮುಂಡಿ ಬೆಟ್ಟ, ಸಂಜೆ ಸೂಪರ್‌ಹೀರೋ ಸಿನಿಮಾ. ಒಂದೇ ದಿನ ಎರಡೂ ಅಂದರೆ ಸುಸ್ತಾಗಲ್ವಾ ಅಂತ ಅಕ್ಕ ಕೇಳುತ್ತಾಳೆ. ಆಗುತ್ತೆ. ಆ ಸುಸ್ತನ್ನು ಮಧ್ಯಾಹ್ನವೇ ಕಳೆದುಕೊಂಡುಬಿಡಬೇಕು, ಅಷ್ಟೇ.

ಮೊದಲ ಸಲ ನನಗೆ ಇದು ತಿಳಿದಿರಲಿಲ್ಲ. ಬೆಟ್ಟ ಇಳಿದು ನೇರ ಮಧ್ಯಾಹ್ನದ ಆಟಕ್ಕೆ ಹೋದೆವು. ಎಸಿ ತಂಪು, ಮೆತ್ತನೆಯ ಸೀಟು. ಇಂಟರ್ವಲ್‌ಗೆ ಮೊದಲೇ ಚಿಕ್ಕವಳು ನನ್ನ ತೋಳಿಗೊರಗಿ ನಿದ್ದೆ ಹೋದಳು. ಕೊನೆಯ ಫೈಟ್ ಹೊತ್ತಿಗೆ ನನ್ನ ಮೀನಖಂಡ ಹಿಡಿದುಕೊಂಡಿತು. "ನನ್ನ ಯಾಕೆ ಎಬ್ಬಿಸಲಿಲ್ಲ ಚಿಕ್ಕಮ್ಮಾ" ಅಂತ ಅವಳು ಮನೆ ಸೇರುವವರೆಗೂ ಅತ್ತಳು. ಪಾಪ, ವಾರವಿಡೀ ಕಾದಿದ್ದಳು.

ಈಗ ಆರು ಗಂಟೆಗೆಲ್ಲ ಬೆಟ್ಟದ ಪಾದದಲ್ಲಿರುತ್ತೇವೆ. ಹೊರಡುವ ಮುಂಚೆ ಒಂದೊಂದು ಬಾಳೆಹಣ್ಣು, ಒಂದು ಲೋಟ ನೀರು ಸಾಕು. ಆಷಾಢ ಶುಕ್ರವಾರಗಳಲ್ಲಿ ಹೋಗಬೇಡಿ, ಕಾಲಿಡಲು ಜಾಗವಿರಲ್ಲ. ಮೆಟ್ಟಿಲು ಸಾವಿರದ ಮೇಲಿವೆ. ಶುರುವಿನಲ್ಲಿ ಮಕ್ಕಳು ಓಡುತ್ತಾರೆ, ಅದನ್ನು ತಡೆಯಿರಿ. ಹತ್ತುತ್ತಾ ಒಂದು ಇಡೀ ವಾಕ್ಯ ಮಾತಾಡಲು ಆಗಬೇಕು. ಮಧ್ಯೆ ಏದುಸಿರು ಬಂದರೆ ವೇಗ ಜಾಸ್ತಿಯಾಯಿತು ಅಂತಲೇ ಅರ್ಥ. ಹರಕೆ ಹೊತ್ತವರು ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಬರುತ್ತಾರೆ. ಅವರಿಗೆ ದಾರಿ ಬಿಟ್ಟು ಪಕ್ಕದಲ್ಲಿ ಹತ್ತಿ. ಕೈಯಲ್ಲಿ ಪ್ಲಾಸ್ಟಿಕ್ ಕವರ್ ಬೇಡ, ಕೋತಿಗಳು ಬಿಡಲ್ಲ.

ದೊಡ್ಡ ನಂದಿ ಸಿಕ್ಕಿತು ಅಂದರೆ ಅರ್ಧಕ್ಕಿಂತ ಜಾಸ್ತಿ ಮುಗಿಯಿತು. ಅಲ್ಲಿ ಹತ್ತು ನಿಮಿಷ ಕೂರಲೇಬೇಕು. 17ನೇ ಶತಮಾನದಲ್ಲಿ ದೊಡ್ಡ ದೇವರಾಜ ಒಡೆಯರ ಕಾಲದಲ್ಲಿ ಒಂದೇ ಬಂಡೆಯಲ್ಲಿ ಕಡೆದ ನಂದಿ. ಕೊರಳಿನ ಗಂಟೆ ಸರಗಳನ್ನು ಎಷ್ಟು ಸಲ ನೋಡಿದರೂ ನನಗೆ ಸಾಕಾಗಿಲ್ಲ.

ಮೇಲೆ ದೇವಿ ದರ್ಶನ ಮುಗಿಸಿ ಬಸ್ಸಿನಲ್ಲಿ ಇಳಿಯಿರಿ. ನಡೆದು ಇಳಿಯೋದು ಸುಲಭ ಅಂತ ಅನಿಸುತ್ತದೆ, ಆದರೆ ತೊಡೆಗೂ ಮಂಡಿಗೂ ಪೆಟ್ಟು ಬೀಳುವುದೇ ಇಳಿಯುವಾಗ. ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಎಳೆದುಕೊಳ್ಳುತ್ತಲೇ ಮೈಭಾರವನ್ನು ತಡೆಯಬೇಕು. ಅದರ ನೋವು ಆ ದಿನ ಗೊತ್ತಾಗಲ್ಲ, ಮಾರನೇ ದಿನ, ಅದರ ಮಾರನೇ ದಿನ ಗೊತ್ತಾಗುತ್ತದೆ. 2023ರಿಂದ ಶಕ್ತಿ ಯೋಜನೆ ಇರುವುದರಿಂದ ಸಾಮಾನ್ಯ ಬಸ್ಸಿನಲ್ಲಿ ನನಗೂ ಚಿಕ್ಕವಳಿಗೂ ದುಡ್ಡಿಲ್ಲ, ಹುಡುಗನಿಗೆ ಮಾತ್ರ ಟಿಕೆಟ್. ಆಧಾರ್ ಮರೆಯಬೇಡಿ.

ಮನೆಗೆ ಬಂದು ಬಿಸಿನೀರಿನ ಸ್ನಾನ. ಅನ್ನ, ತಿಳಿಸಾರು, ಉಪ್ಪು ಹಾಕಿದ ಮಜ್ಜಿಗೆ. ಬೆವರಿನಲ್ಲಿ ಹೋದ ಉಪ್ಪೂ ನೀರೂ ವಾಪಸ್ ಬರಬೇಕಲ್ವಾ. ಆಮೇಲೆ ಮುಕ್ಕಾಲು ಗಂಟೆ ನಿದ್ದೆ. ಅಲಾರಂ ಇಡಿ, ಜಾಸ್ತಿ ಮಲಗಿದರೆ ಸಂಜೆಯೆಲ್ಲ ಮಂಕು.

ಟಿಕೆಟ್ ತೆಗೆಯುವ ಮುಂಚೆ ಸಿನಿಮಾ ಎಷ್ಟು ಹೊತ್ತಿದೆ ಅಂತ ನೋಡಿ. 2019ರ 'ಅವೆಂಜರ್ಸ್: ಎಂಡ್‌ಗೇಮ್' ಮೂರು ಗಂಟೆ ಒಂದು ನಿಮಿಷ. ಮೆಟ್ಟಿಲು ಹತ್ತಿದ ಕಾಲಿಗೆ ಅಷ್ಟು ಹೊತ್ತು ಕೂರೋದು ಕಷ್ಟ. ನಾಲ್ಕೂವರೆ ಸುಮಾರಿನ ಆಟಕ್ಕೆ ಸಾಲಿನ ತುದಿಯ ಸೀಟು ತೆಗೆದುಕೊಳ್ಳಿ, ಕಾಲು ಚಾಚಲು ಜಾಗ ಸಿಗುತ್ತದೆ. ಇಂಟರ್ವಲ್‌ನಲ್ಲಿ ಸುಮ್ನೆ ಕೂರಬೇಡಿ. ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಇಪ್ಪತ್ತು ಸಲ. ನಾವು ಮೂವರೂ ಸಾಲಾಗಿ ನಿಂತು ಮಾಡುತ್ತೇವೆ. ಮಾರ್ವೆಲ್ ಸಿನಿಮಾ ಆದರೆ ಹೆಸರುಗಳು ಬರಲು ಶುರುವಾದಾಗ ಏಳಬೇಡಿ, ಸಾಮಾನ್ಯವಾಗಿ ಇನ್ನೊಂದು ಸೀನ್ ಇರುತ್ತದೆ.

ಬೆಟ್ಟ ಹತ್ತಿದ ದಿನ ಇಂಥ ಸಿನಿಮಾ ನನಗೆ ಬೇರೆ ಥರ ಕಾಣುತ್ತದೆ. ತೆರೆಯ ಮೇಲೆ ಒಬ್ಬ ಗೋಡೆ ಹತ್ತುತ್ತಿದ್ದರೆ ನನ್ನ ತೊಡೆಯೂ ಬಿಗಿಯಾಗುತ್ತದೆ. ಹೋದ ಸಲ ಹುಡುಗ ಕತ್ತಲಲ್ಲಿ ಕಿವಿಯ ಹತ್ತಿರ ಬಂದು, "ಚಿಕ್ಕಮ್ಮಾ, ಅವನಿಗೂ ನಂದಿ ಹತ್ತಿರ ಸುಸ್ತಾಗ್ತಿತ್ತು ಅಲ್ವಾ?" ಅಂದ. ಹೂಂ ಕಣೋ, ಖಂಡಿತ ಆಗ್ತಿತ್ತು ಅಂದೆ.