ನಾಲ್ಕೇ ಪೆನ್ಸಿಲ್, ಒಂದು ಮುಖ

ಬಣ್ಣದ ಪೆನ್ಸಿಲ್‌ನಲ್ಲಿ ಮುಖಚಿತ್ರ ಬಿಡಿಸಲು 48 ಬಣ್ಣದ ಡಬ್ಬಿ ಬೇಕಿಲ್ಲ. ಸ್ವೀಡನ್ನಿನ ಚಿತ್ರಕಾರ ಆಂಡರ್ಸ್ ಜೋರ್ನ್ (1860–1920) ಹೆಸರಿನಿಂದಲೇ ಕರೆಯುವ ತೈಲವರ್ಣದ ಜೋಡಣೆಯಲ್ಲಿ ಇರುವುದು ಹಳದಿ ಓಕರ್ (ಮಣ್ಣಿನ ಹಳದಿ), ಕೆಂಪು, ಕಪ್ಪು, ಬಿಳಿ ಅಷ್ಟೆ. ಪೆನ್ಸಿಲ್ ಕೆಲಸದಲ್ಲಿ ಬಿಳಿಯ ಜಾಗವನ್ನು ಕಾಗದವೇ ತುಂಬುತ್ತದೆ. ನಮ್ಮ ಗೋಧಿ ಬಣ್ಣದ, ಕಪ್ಪು ಮೈಬಣ್ಣದ ಮುಖಗಳಿಗೆ ಕಪ್ಪು ಪೆನ್ಸಿಲನ್ನೂ ಬಿಡಿ. ಅದು ಚರ್ಮಕ್ಕೆ ಬೂದಿ ಬಳಿದಂತೆ ಕಾಣುತ್ತದೆ. ಹಳದಿ ಓಕರ್, ಕೆಂಪು, ಬರ್ನ್ಟ್ ಸಿಯೆನ್ನಾ (ಕೆಂಗಂದು), ಇಂಡಿಗೊ (ಕಡುನೀಲಿ) ಸಾಕು. ಸಿಯೆನ್ನಾ ಮೇಲೆ ಇಂಡಿಗೊ ಹಚ್ಚಿದರೆ ಕಪ್ಪಿಗೆ ಹತ್ತಿರದ, ಆದರೆ ಜೀವವಿರುವ ಗಾಢ ಬಣ್ಣ ಬರುತ್ತದೆ. ಮೊದಲು ಬೇರೆ ಚೂರು ಕಾಗದದಲ್ಲಿ ಹಚ್ಚಿ ನೋಡಿ.

ಕಾಗದ 200 ಜಿಎಸ್‌ಎಂನದ್ದು (ಚದರ ಮೀಟರಿಗೆ 200 ಗ್ರಾಂ ತೂಗುವ ದಪ್ಪ ಕಾಗದ), ತುಸು ತರಿ ಇರುವಂಥದ್ದು. ನುಣುಪು ಕಾಗದ ಕೆಲವೇ ಪದರಗಳಿಗೆ ಬಣ್ಣ ಹಿಡಿಯುವುದನ್ನು ನಿಲ್ಲಿಸುತ್ತದೆ.

ಹೊರರೇಖೆಯನ್ನು ಓಕರ್‌ನಲ್ಲೇ ಎಳೆಯಿರಿ. ಸಾಮಾನ್ಯ ಪೆನ್ಸಿಲ್ ಗೆರೆಯ ಮೇಲೆ ಬಣ್ಣ ಹೋದರೆ ಗೆರೆ ಕದಡಿ ಕೊಳೆಯಾಗುತ್ತದೆ, ಆಮೇಲೆ ಅಳಿಸಲೂ ಆಗದು. ಕಣ್ಣು ಬರುವುದು ನೆತ್ತಿಗೂ ಗದ್ದಕ್ಕೂ ನಟ್ಟನಡುವೆ. ಕೂದಲಂಚಿನಿಂದ ಅಳೆದರೆ ಲೆಕ್ಕ ತಪ್ಪುತ್ತದೆ.

ಈಗ ಹೊಳಪಿನ ಜಾಗಗಳನ್ನು ಬಿಟ್ಟು ಇಡೀ ಮುಖಕ್ಕೆ ಓಕರ್ ಹಚ್ಚಿ. ಪೆನ್ಸಿಲ್ಲಿನ ಮೊನೆ ಚೂಪಾಗಿರಲಿ, ಕೈ ಹಗುರವಾಗಿರಲಿ. ಕೆನ್ನೆ, ಮೂಗಿನ ತುದಿ, ಕಿವಿ, ತುಟಿಗೆ ಕೆಂಪು. ನೆರಳಿಗೆ ಸಿಯೆನ್ನಾ, ಅತಿ ಗಾಢ ಮೂಲೆಗಳಿಗೆ ಮಾತ್ರ ಇಂಡಿಗೊ. ಪ್ರತಿ ಪದರವನ್ನೂ ಬೇರೆ ದಿಕ್ಕಿನಲ್ಲಿ ಹಚ್ಚುತ್ತಾ ಆರೆಂಟು ಸುತ್ತು ಬನ್ನಿ. ಕೆಲಸ ಕೆಡುವುದು ಬಹುಪಾಲು ಅವಸರದಿಂದ: ಮೊದಲ ಸುತ್ತಿನಲ್ಲೇ ಒತ್ತಿದರೆ ಕಾಗದದ ತರಿ ಮುಚ್ಚಿಹೋಗಿ ಮುಂದಿನ ಬಣ್ಣ ಜಾರುತ್ತದೆ.

ಕಣ್ಣಿಗೆ ಹೆಚ್ಚು ಹೊತ್ತು ಕೊಡಿ. ಕಣ್ಣಿನ ಬಿಳಿಭಾಗ ನಿಜಕ್ಕೂ ಬಿಳಿಯಲ್ಲ. ಮೇಲ್ರೆಪ್ಪೆಯ ನೆರಳು ಅದರ ಮೇಲೆ ಬಿದ್ದಿರುತ್ತದೆ, ಮೂಲೆಗಳು ಕೆಂಪಗಿರುತ್ತವೆ. ರೆಪ್ಪೆಯಡಿ ತೆಳುವಾಗಿ ಇಂಡಿಗೊ, ಮೂಗಿನ ಕಡೆಯ ಮೂಲೆಗೆ ಒಂದೆರಡು ಗೀರು ಕೆಂಪು ಹಚ್ಚದಿದ್ದರೆ ಕಣ್ಣು ಹೊರಗೆ ಚಾಚಿದಂತೆ ಕಾಣುತ್ತದೆ. ಪಾಪೆಯೊಳಗಿನ ಹೊಳಪಿನ ಚುಕ್ಕೆಯನ್ನು ಮೊದಲಿನಿಂದಲೂ ಖಾಲಿ ಬಿಟ್ಟಿರಬೇಕು.

ಕೂದಲನ್ನು ಎಳೆ ಎಳೆಯಾಗಿ ಬಿಡಿಸಬೇಡಿ, ಗುಂಪು ಗುಂಪಾಗಿ ನೆರಳು ತುಂಬಿ.

ಮೇಣ ಬೆರೆತ ಬಣ್ಣದ ಪೆನ್ಸಿಲ್ ಒತ್ತಿ ತುಂಬಿದ ಗಾಢ ಜಾಗಗಳಲ್ಲಿ ಕೆಲವು ದಿನಗಳ ಬಳಿಕ ಬಿಳಿ ಮಬ್ಬು ಏಳಬಹುದು. ಬಣ್ಣ ಹಾಳಾಗಿಲ್ಲ, ಮೇಣ ಮೇಲೆ ಬಂದಿದೆ ಅಷ್ಟೆ. ಮೆತ್ತನೆಯ ಬಟ್ಟೆಯಿಂದ ಹಗುರವಾಗಿ ಒರೆಸಿ, ಕಿಟಕಿ ತೆರೆದಿಟ್ಟು ಎರಡು ಸಲ ತೆಳುವಾಗಿ ಫಿಕ್ಸೆಟಿವ್ (ಚಿತ್ರದ ಬಣ್ಣ ಕದಡದಂತೆ ಹಿಡಿದಿಡುವ ದ್ರವ) ಸಿಂಪಡಿಸಿ.