ಆರು ಮಂದಿಯ ಪೋಕರ್ ಮೇಜಿನಲ್ಲಿ ಯಾವ ಎಲೆಗಳನ್ನು ಆಡಬೇಕು

ಧಾರವಾಡ, ಬೆಳಗಾವಿ ಕಡೆಯಿಂದ ಬಂದು ಪುಣೆಯ ಹಿಂಜೆವಾಡಿಯಲ್ಲಿ ಕೆಲಸಕ್ಕಿರುವ ನಾವು ಆರು ಗೆಳೆಯರು ಶನಿವಾರ ರಾತ್ರಿ ಅವರವರ ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಟೆಕ್ಸಾಸ್ ಹೋಲ್ಡೆಮ್ (ಪ್ರತಿಯೊಬ್ಬನಿಗೂ ಎರಡು ಗುಟ್ಟಿನ ಎಲೆ, ಮೇಜಿನ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ ಇರುವ ಪೋಕರ್) ಆಡುತ್ತೇವೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ನಿಷೇಧಿಸಿರುವುದರಿಂದ ನಮ್ಮದು ಬರಿಯ ಚಿಪ್ಪುಗಳ (ಹಣದ ಬೆಲೆಯಿಲ್ಲದ ಬಿಲ್ಲೆಗಳ) ಆಟ, ಮತ್ತು ಇಲ್ಲಿ ಹೇಳುವುದೆಲ್ಲವೂ ಅಂಥ ಆಟಕ್ಕೆ ಸಂಬಂಧಿಸಿದ್ದು.

ಮೇಜು ಚಿಕ್ಕದಾದಾಗ ಬ್ಲೈಂಡುಗಳು (ಎಲೆ ನೋಡುವ ಮೊದಲೇ ಇಬ್ಬರು ಸರದಿಯಂತೆ ಕಟ್ಟಲೇಬೇಕಾದ ಚಿಪ್ಪು; ದೊಡ್ಡದು ಬಿಗ್ ಬ್ಲೈಂಡ್, ಅದರ ಅರ್ಧ ಸ್ಮಾಲ್ ಬ್ಲೈಂಡ್) ಬೇಗ ಬೇಗ ನಮ್ಮ ಸರದಿಗೆ ಬರುತ್ತವೆ. ಒಂದು ಸುತ್ತಿಗೆ ಒಂದೂವರೆ ಬಿಗ್ ಬ್ಲೈಂಡ್ ತೆರಬೇಕಾಗಿದ್ದು, ಒಂಬತ್ತು ಮಂದಿಯಿದ್ದರೆ ಪ್ರತಿ ಹಂಚಿಕೆಗೆ ಸರಾಸರಿ 0.17 ಬೀಳುವುದು ಆರು ಮಂದಿಯಾದಾಗ 0.25ಕ್ಕೆ ಏರುತ್ತದೆ. ಎಕ್ಕದ ಜೋಡಿ ಬರುವುದು ಸರಾಸರಿ 221 ಹಂಚಿಕೆಗೊಮ್ಮೆ; ಅದಕ್ಕಾಗಿ ಕಾದು ಕುಳಿತವನ ಚಿಪ್ಪು ಬ್ಲೈಂಡಿನಲ್ಲೇ ಕರಗಿಹೋಗುತ್ತದೆ. ಆದ್ದರಿಂದ ಹೆಚ್ಚು ಎಲೆಗಳನ್ನು ಆಡಲೇಬೇಕು. ಆದರೆ ಎಲ್ಲ ಸ್ಥಾನಗಳಿಂದಲೂ ಸಮನಾಗಿ ಹೆಚ್ಚು ಆಡಬೇಕೆಂದು ತಿಳಿಯುವುದೇ ಹೊಸಬರ ದೊಡ್ಡ ತಪ್ಪು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆರು ಮಂದಿಯಲ್ಲಿ ಮೊದಲು ಮಾತಾಡುವವನ, ಎಂದರೆ ಆಡುವುದೋ ಬಿಡುವುದೋ ಎಂದು ಮೊದಲು ಹೇಳಬೇಕಾದವನ, ನಂತರ ಮಾತಾಡಲು ಇನ್ನೂ ಐವರಿದ್ದಾರೆ. ಒಂಬತ್ತು ಮಂದಿಯ ಮೇಜಿನಲ್ಲಿ ಮೊದಲ ಮೂವರು ಎಲೆ ಬಿಟ್ಟ ಮೇಲೆ ನಾಲ್ಕನೆಯವನಿಗಿರುವ ಪರಿಸ್ಥಿತಿಯೂ ಇದೇ ಆದ್ದರಿಂದ ಆ ಸ್ಥಾನಕ್ಕೆ ಹೊಸ ಸ್ವಾತಂತ್ರ್ಯವೇನೂ ಬಂದಿಲ್ಲ. ಅಲ್ಲಿಂದ ಆರರ ಜೋಡಿ ಮತ್ತು ಅದಕ್ಕಿಂತ ದೊಡ್ಡ ಜೋಡಿಗಳು. ಎಕ್ಕದೊಡನೆ ಅದೇ ಜಾತಿಯ ಯಾವುದೇ ಎಲೆ. ಒಂದೇ ಜಾತಿಯ ರಾಜ-ರಾಣಿ, ರಾಜ-ಗುಲಾಮ, ರಾಜ-ಹತ್ತು, ರಾಣಿ-ಗುಲಾಮ, ರಾಣಿ-ಹತ್ತು, ಗುಲಾಮ-ಹತ್ತು, ಹತ್ತು-ಒಂಬತ್ತು. ಬೇರೆ ಬೇರೆ ಜಾತಿಯದಾದರೆ ಎಕ್ಕದೊಡನೆ ರಾಜ, ರಾಣಿ ಅಥವಾ ಗುಲಾಮ ಮತ್ತು ರಾಜ-ರಾಣಿ, ಇಷ್ಟನ್ನು ಆಡಿದರೆ ಸಾಕು. ಒಂದು ಜೋಡಿ 6 ಬಗೆಯಲ್ಲಿ, ಒಂದೇ ಜಾತಿಯ ಎರಡೆಲೆ 4 ಬಗೆಯಲ್ಲಿ, ಬೇರೆ ಜಾತಿಯದು 12 ಬಗೆಯಲ್ಲಿ ಬರುವುದರಿಂದ ಇವೆಲ್ಲ ಸೇರಿ ಒಟ್ಟು 1326ರಲ್ಲಿ 178 ಆಗುತ್ತವೆ, ಎಂದರೆ ನೂರಕ್ಕೆ ಸುಮಾರು 13. ಅನುಭವಿಗಳು ಇನ್ನೂ ಸ್ವಲ್ಪ ಸಡಿಲವಾಗಿ ಆಡುತ್ತಾರೆ, ಕಲಿಯುವವರಿಗೆ ಆ ಅವಸರ ಬೇಡ.

ಬೇರೆ ಜಾತಿಯ ರಾಜ-ಗುಲಾಮ ಈ ಪಟ್ಟಿಯಲ್ಲಿಲ್ಲವೆಂಬುದನ್ನು ಗಮನಿಸಬೇಕು. ಕೋಥರೂಡಿನ ಗೆಳೆಯನೊಬ್ಬ ಮೊದಲ ಸ್ಥಾನದಿಂದ ಆಟೀನ್ ರಾಜ, ಕಳಾವರ್ ಗುಲಾಮ ಹಿಡಿದು ರೇಸ್ ಮಾಡಿದ, ಎಂದರೆ ಪಣ ಏರಿಸಿದ. ಫ್ಲಾಪಿನಲ್ಲಿ (ಮೇಜಿನ ಮೇಲೆ ತೆರೆಯುವ ಮೊದಲ ಮೂರು ಎಲೆಗಳಲ್ಲಿ) ರಾಜ ಬಿದ್ದಾಗ ಫೋನಿನಲ್ಲೇ ಹಿಗ್ಗಿದ. ಕೊನೆಗೆ ಎದುರಾಳಿ ಎಕ್ಕ-ರಾಜ ತೋರಿಸಿದಾಗ ಅರ್ಧದಷ್ಟು ಚಿಪ್ಪು ಹೋಗಿತ್ತು. ಮೊದಲ ಸ್ಥಾನದ ರೇಸಿಗೆ ಗಟ್ಟಿಯಾಗಿ ಉತ್ತರಿಸುವವರ ಬಳಿ ಎಕ್ಕ-ರಾಜ, ರಾಜ-ರಾಣಿಯಂಥ ಎಲೆಗಳೇ ಇರುವ ಸಂಭವ ಹೆಚ್ಚು, ಅವುಗಳೆದುರು ರಾಜ-ಗುಲಾಮ ಗೆಲ್ಲುವುದು ಸುಮಾರು ನಾಲ್ಕರಲ್ಲಿ ಒಂದು ಸಲ ಮಾತ್ರ. ಚಿಕ್ಕಂದಿನಿಂದ ರಮ್ಮಿ ಆಡಿದ ನಮಗೆ, ಆರಂಭದಲ್ಲೇ ಡ್ರಾಪ್ ಮಾಡಿದರೆ 20 ಪಾಯಿಂಟ್, ನಡುವೆ ಬಿಟ್ಟರೆ 40 ಪಾಯಿಂಟ್ ನಷ್ಟ ಎಂಬ ಲೆಕ್ಕ ಗೊತ್ತಿರುವುದರಿಂದ, ಬೇಗ ಬಿಟ್ಟಷ್ಟೂ ನಷ್ಟ ಕಡಿಮೆ ಎಂಬುದು ಬೇಗ ಅರ್ಥವಾಗಬೇಕು.

ಬಟನ್ನಿಗೆ, ಎಂದರೆ ಎಲೆ ಹಂಚುವವನ ಸ್ಥಾನಕ್ಕೆ, ಬಂದಾಗ ಮಾತ್ರ ಕೈ ಬಿಚ್ಚಿ ಆಡಬಹುದು. ಹಿಂದೆ ಉಳಿದಿರುವುದು ಬ್ಲೈಂಡಿನ ಇಬ್ಬರೇ, ಫ್ಲಾಪಿನ ನಂತರ ಪ್ರತಿ ಬಾರಿಯೂ ಕೊನೆಯ ಮಾತು ನಮ್ಮದು. ಎರಡೂವರೆ ಬಿಗ್ ಬ್ಲೈಂಡಿಗೆ ರೇಸ್ ಮಾಡಿದಾಗ ಅವರಿಬ್ಬರೂ ಬಿಟ್ಟರೆ ಅವರು ಕಟ್ಟಿದ ಒಂದೂವರೆ ಸಿಗುತ್ತದೆ. ಇಬ್ಬರೂ ನೂರಕ್ಕೆ 63 ಸಲ ಎಲೆ ಬಿಟ್ಟರೆ ಎಲೆ ಯಾವುದೇ ಇದ್ದರೂ ನಷ್ಟವಿಲ್ಲ. ಆದ್ದರಿಂದ ಎಲ್ಲ ಜೋಡಿಗಳು, ಎಕ್ಕದೊಡನೆ ಯಾವುದೇ ಎಲೆ, ರಾಜನೊಡನೆ ಅದೇ ಜಾತಿಯ ಯಾವುದೇ ಎಲೆ, ಒಂದೇ ಜಾತಿಯ ಐದು-ನಾಲ್ಕರಿಂದ ಮೇಲಿನ ಅಕ್ಕಪಕ್ಕದ ಎಲೆಗಳು, ಮೊದಲ ಸ್ಥಾನದಲ್ಲಿ ಬಿಟ್ಟ ಆ ರಾಜ-ಗುಲಾಮವೂ ಇಲ್ಲಿ ಆಡತಕ್ಕವೇ. ನಡುವಿನ ಎರಡು ಸ್ಥಾನಗಳಲ್ಲಿ ಇವೆರಡರ ನಡುವಿನ ಅಳತೆಯನ್ನು ಇಟ್ಟುಕೊಳ್ಳಬೇಕು.

ನಮಗಿಂತ ಮೊದಲು ಮಾತಾಡಿದವರು ಆಗಲೇ ರೇಸ್ ಮಾಡಿದ್ದರೆ ಬರೀ ಕಾಲ್ ಮಾಡುವ (ಅಷ್ಟೇ ಪಣವನ್ನು ಸೇರಿಸುವ) ಚಾಳಿಯನ್ನು ಬಿಡುವುದು ಒಳ್ಳೆಯದು; ಬಲವಾದ ಎಲೆಯಿದ್ದರೆ ಮತ್ತೆ ರೇಸ್ ಮಾಡಬೇಕು, ಇಲ್ಲವೇ ಬಿಡಬೇಕು. ಒಂದೇ ಜಾತಿಯ ಎಕ್ಕ-ಐದು ಇದಕ್ಕೆ ಆಗಾಗ ಒದಗುತ್ತದೆ, ಏಕೆಂದರೆ ಒಂದು ಎಕ್ಕ ನಮ್ಮ ಕೈಯಲ್ಲಿರುವಾಗ ಎದುರಾಳಿಗೆ ಎಕ್ಕದ ಜೋಡಿ ಬರುವ ಬಗೆಗಳು 6ರಿಂದ 3ಕ್ಕೆ, ಎಕ್ಕ-ರಾಜ ಬರುವ ಬಗೆಗಳು 16ರಿಂದ 12ಕ್ಕೆ ಇಳಿಯುತ್ತವೆ.

ಈ ನಿಯಮಕ್ಕೆ ಬಿಗ್ ಬ್ಲೈಂಡ್ ಹೊರತು. ಬಟನ್ನಿನಿಂದ ಎರಡೂವರೆಯ ರೇಸ್ ಬಂದು ಸ್ಮಾಲ್ ಬ್ಲೈಂಡಿನವನು ಬಿಟ್ಟರೆ, ನಾವು ಒಂದೂವರೆ ಸೇರಿಸಿದಾಗ ಒಟ್ಟು ಐದೂವರೆ ಆಗುತ್ತದೆ, ಎಂದರೆ ನೂರಕ್ಕೆ 27ರಷ್ಟು ಪಾಲು ನಮ್ಮದಾದರೆ ಲೆಕ್ಕ ಸರಿಹೋಗುತ್ತದೆ. ಇಲ್ಲಿ ಒಂದೇ ಜಾತಿಯ ಏಳು-ಐದನ್ನೂ ಕಾಲ್ ಮಾಡಬಹುದು. ಅದೇ ಎಲೆ ಸ್ಮಾಲ್ ಬ್ಲೈಂಡಿನಲ್ಲಿ ಬಂದರೆ ಬಿಡಬೇಕು: ಅಲ್ಲಿ ಸೇರಿಸಬೇಕಾದ್ದು ಎರಡು, ಹಿಂದೆ ಬಿಗ್ ಬ್ಲೈಂಡಿನವನು ಇನ್ನೂ ಬಾಕಿ, ಮತ್ತು ಫ್ಲಾಪಿನ ನಂತರ ಮೊದಲು ಮಾತಾಡಬೇಕಾದವರೂ ನಾವೇ.